ಮೊಲದ ಪ್ರದರ್ಶನ: ಅರ್ಹತೆ ಏನೆಂದು ಮೊದಲೇ ತಿಳಿಸಿ

ಮಾನ್ಯ ಸಂಪಾದಕರೇ,

ವಂಶಾವಳಿ ಪತ್ರವೊಂದಿದ್ದರೆ ಸಾಕುಮೊಲವನ್ನು ತಳಿ ಪ್ರದರ್ಶನಕ್ಕೆ ಒಯ್ಯಬಹುದು ಎಂದು ಈಚೆಗೆ ನಿಮ್ಮ ಪತ್ರಿಕೆಯ ಬರಹವೊಂದರಲ್ಲಿ ಓದಿದೆ. ಇದೇ ಮಾತು ನಂಬಿ ಹೋಗಿ, ಅಳುವ ಮಗಳನ್ನು ಕರೆದುಕೊಂಡು ಬಂದವಳು ನಾನು. ಅದಕ್ಕೇ ಈ ಪತ್ರ.

ನಮ್ಮ ಮೊಲದ ಹೆಸರು ಕಾಡಿಗೆ. ಕಪ್ಪು ನೆದರ್‌ಲೆಂಡ್ ಡ್ವಾರ್ಫ್, ಹೆಣ್ಣು, ವರ್ಷ ದಾಟಿದೆ. ಮೂರು ತಲೆಮಾರಿನ ವಂಶಾವಳಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಡಿದುಕೊಂಡು ಹೋಗಿದ್ದೆವು. ತೀರ್ಪುಗಾರರು ಅದನ್ನು ಕೇಳಲೇ ಇಲ್ಲ. ಅಲ್ಲಿ ಪಾಲಿಸುತ್ತಿದ್ದದ್ದು ಅಮೆರಿಕದ ಮೊಲ ಸಾಕಣೆದಾರರ ಸಂಘದ ನಿಯಮ. ಆ ನಿಯಮದಲ್ಲಿ ವಂಶಾವಳಿ ಬೇಕಾಗುವುದು ಮೊಲವನ್ನು ನೋಂದಾಯಿಸುವಾಗ; ಸ್ಪರ್ಧೆಯ ಮೇಜಿನ ಮೇಲೆ ನೋಡುವುದು ಮೊಲದ ಮೈಯನ್ನೇ. ಎಡಗಿವಿಯೊಳಗೆ ಗುರುತಿನ ಹಚ್ಚೆ ಇದೆಯೇ ಎಂದು ನೋಡಿದರು. ಇತ್ತು. (ಬ್ರಿಟನ್ನಿನ ಪದ್ಧತಿಯಲ್ಲಿ ಹಚ್ಚೆಯ ಬದಲು ಹಿಂಗಾಲಿಗೆ ಉಂಗುರ. ಅದನ್ನು ಮರಿಯಿದ್ದಾಗಲೇ ತೊಡಿಸಬೇಕು, ಪಾದ ಬೆಳೆದ ಮೇಲೆ ತೂರುವುದಿಲ್ಲ.) ತೂಕ ಮಾಡಿದರು. ಈ ತಳಿಗೆ ಮಿತಿ ಎರಡೂವರೆ ಪೌಂಡ್, ಅಂದರೆ ಸುಮಾರು 1,130 ಗ್ರಾಂ. ಕಾಡಿಗೆ 1,090 ಗ್ರಾಂ ತೂಗಿದಳು. ಮಗಳ ಮುಖ ಅರಳಿತು. ಆಮೇಲೆ ಕಾಡಿಗೆಯನ್ನು ಅಂಗಾತ ಹಿಡಿದು ಮುಂಗಾಲಿನ ಒಳಬದಿಯ ರೋಮ ಸರಿಸಿದರು. ಬೇರೆ ಬೆರಳುಗಳಿಗಿಂತ ಮೇಲೆ, ಕೂದಲೊಳಗೆ ಹುದುಗಿದ್ದ ಒಂದು ಉಗುರು. ಉಳಿದವೆಲ್ಲ ಗಾಢ ಬಣ್ಣ, ಅದೊಂದೇ ಬಿಳಿ. ಅನರ್ಹ ಎಂದರು.

ಮೊಲಕ್ಕೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ನಾನು ಒಂದು ವರ್ಷದಿಂದ ಎಣಿಸಿ ಕತ್ತರಿಸುತ್ತಿದ್ದದ್ದು 16. ಮೇಲಿನ ಆ ಎರಡನ್ನು ನೋಡಿಯೇ ಇರಲಿಲ್ಲ.

ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪ್ರಕಟಣೆಯ ಬಗ್ಗೆ. ‘ಎಲ್ಲ ತಳಿಗಳಿಗೂ ಸ್ವಾಗತ’ ಎಂದಷ್ಟೇ ಬರೆದಿದ್ದರು. ಯಾರ ನಿಯಮ, ಹಚ್ಚೆಯೋ ಉಂಗುರವೋ, ತೂಕದ ಮಿತಿ ಎಷ್ಟು, ಯಾವ ದೋಷಕ್ಕೆ ವಾಪಸು ಕಳಿಸುತ್ತಾರೆ ಎಂದು ನಾಲ್ಕು ಸಾಲು ಸೇರಿಸಿದ್ದರೆ ನಾವು ಮನೆಯ ಕಿಟಕಿಯ ಬೆಳಕಿನಲ್ಲೇ ನೋಡಿಕೊಳ್ಳುತ್ತಿದ್ದೆವು. ಒಂದು ಪುಟ್ಟ ಪ್ರಾಣಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಗದ್ದಲದ ನಡುವೆ ಅರ್ಧ ದಿನ ಹೆದರಿಸುವುದು ತಪ್ಪುತ್ತಿತ್ತು. ಇಂಥ ಪ್ರಕಟಣೆಗಳು ನಿಮ್ಮಲ್ಲಿಗೆ ಬಂದಾಗ ದಯವಿಟ್ಟು ಈ ವಿವರ ಕೇಳಿ ಪಡೆದು ಅಚ್ಚುಮಾಡಿ.

ಹೊರಡುವ ಮುನ್ನ ಹಲ್ಲನ್ನೂ ನೋಡಬೇಕು. ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಕೂತಿರಬೇಕು. ಕಿವಿಯೊಳಗೆ ಹಕ್ಕಳೆ ಕಟ್ಟಿದ್ದರೆ ನುಸಿ ಇರಬಹುದು. ಮೂಗು ಸೋರುವ ಮೊಲ ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ, ಅಲ್ಲಿನ ರೋಮ ಅಂಟಂಟಾಗಿರುತ್ತದೆ. ಇವು ಸ್ಪರ್ಧೆಯಿಂದ ಹೊರಗಿಡುವ ದೋಷಗಳು. ಅದಕ್ಕಿಂತ ಮೊದಲು ವೈದ್ಯರಿಗೆ ತೋರಿಸಬೇಕಾದ ತೊಂದರೆಗಳು.

ಇನ್ನೊಂದು ಮಾತು. ಸ್ಪರ್ಧೆಯ ಆಸೆಗೆ ನಾವು ಕಾಡಿಗೆಯ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದೆವು. ಅದನ್ನು ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬ ಸಾಮಾನ್ಯ. ಮುಂದಿನ ವಾರ ಮಾಡಿಸುತ್ತಿದ್ದೇವೆ. ಮಗಳೇ ವೈದ್ಯರನ್ನು ಕೇಳಿ ದಿನ ಗೊತ್ತುಮಾಡಿದ್ದಾಳೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು