ಡಬ್ಬದ ಮೇಲಿನ 1200 ಬಿಡಿ, ಮಸೂರದ ಮೇಲಿನ ಬರಹ ಓದಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆಂದು ಮನೆಗೊಂದು ಮೈಕ್ರೋಸ್ಕೋಪ್ ತರುವ ಪೋಷಕರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಈಗ ಸಾಕಷ್ಟಿದ್ದಾರೆ. ಒಳ್ಳೆಯದೇ. ಆದರೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಡಬ್ಬಗಳ ಮೇಲೆ ‘1200 ಪಟ್ಟು’ ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಒಳಗೆ ನೋಡಿದರೆ ಪ್ಲಾಸ್ಟಿಕ್ ಮಸೂರದ ಆಟಿಕೆ. ಮಗು ನಾಲ್ಕು ದಿನ ಒಂದು ಕಣ್ಣು ಮುಚ್ಚಿ ಒದ್ದಾಡಿ, ಮಂಜು ಮಂಜಾದ ಬೆಳಕು ಬಿಟ್ಟು ಬೇರೇನೂ ಕಾಣದೆ, ಅದನ್ನು ಕಪಾಟಿನ ಮೇಲೆ ಎತ್ತಿಡುತ್ತದೆ. ಮಗುವಿಗೆ ಆಸಕ್ತಿಯಿಲ್ಲ ಎಂದು ಮನೆಯವರು ಷರಾ ಬರೆಯುತ್ತಾರೆ. ಆದ್ದರಿಂದ ನಮ್ಮ ಮಳೆ, ನಮ್ಮ ಉಪ್ಪುಗಾಳಿಗೆ ಬಾಳುವಂಥದ್ದನ್ನು ಮಿತ ಖರ್ಚಿನಲ್ಲಿ ಆರಿಸುವುದು ಹೇಗೆಂದು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇವೆ.

ಮೊದಲು ಆ 1200ರ ಲೆಕ್ಕ. ಕಣ್ಣಿಡುವ ಐಪೀಸ್ 20 ಪಟ್ಟು, ವಸ್ತುವಿನ ಹತ್ತಿರದ ಆಬ್ಜೆಕ್ಟಿವ್ 60 ಪಟ್ಟು, ಗುಣಿಸಿದರೆ 1200. ಗುಣಾಕಾರ ಸರಿಯೇ ಇದೆ. ಆದರೆ ಒತ್ತೊತ್ತಾಗಿರುವ ಎರಡು ಚುಕ್ಕಿಗಳನ್ನು ಎರಡಾಗಿ ಬಿಡಿಸಿ ತೋರಿಸುವ ಶಕ್ತಿ, ಆಬ್ಜೆಕ್ಟಿವ್ ಎಷ್ಟು ಅಗಲದ ಕೋನದಿಂದ ಬೆಳಕು ಎಳೆದುಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ. ಇದಕ್ಕೆ ನ್ಯೂಮೆರಿಕಲ್ ಅಪರ್ಚರ್ ಎಂಬ ಅಳತೆಯಿದೆ. ಸರಿಯಾದ 40 ಪಟ್ಟಿನ ಆಬ್ಜೆಕ್ಟಿವಿಗೆ ಅದು 0.65. ಅಷ್ಟಿದ್ದರೆ ಸುಮಾರು ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣ ವಿವರ ಕಂಡೀತು. ಆ 0.65 ಅನ್ನು ಸಾವಿರದಿಂದ ಗುಣಿಸಿ. 650 ಪಟ್ಟು ಬಂತು. ಹಿಗ್ಗಿಸಿ ಪ್ರಯೋಜನವಿರುವುದು ಹೆಚ್ಚೆಂದರೆ ಅಲ್ಲಿಯವರೆಗೆ. ಅದರಾಚೆ, ಪತ್ರಿಕೆಯಲ್ಲಿ ಅಚ್ಚಾದ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿದ ಹಾಗೆ, ಚುಕ್ಕಿ ದೊಡ್ಡದಾಗುತ್ತದೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲ. ಆಟಿಕೆ ಮಸೂರದ ಮೇಲೆ ಸಾಮಾನ್ಯವಾಗಿ ಈ ಅಳತೆ ಬರೆದೇ ಇರುವುದಿಲ್ಲ.

ಹಾಗಾಗಿ ಕೊಳ್ಳುವ ಮೊದಲು ಆಬ್ಜೆಕ್ಟಿವಿನ ಮೈಮೇಲಿನ ಬರಹ ಓದಿ. ಸರಿಯಾದದ್ದಾದರೆ 40/0.65 ಎಂದೂ ಅದರ ಕೆಳಗೆ 160/0.17 ಎಂದೂ ಇರುತ್ತದೆ. 160 ಎಂದರೆ ಅದು ಎಷ್ಟು ಮಿಲಿಮೀಟರಿನ ಕೊಳವೆಗೆ ಮಾಡಿದ್ದು ಎಂಬ ಗುರುತು, 0.17 ಎಂದರೆ ಸ್ಲೈಡಿನ ಮೇಲೆ ಹಾಕಬೇಕಾದ ತೆಳು ಗಾಜಿನ ಹೊದಿಕೆಯ, ಅಂದರೆ ಕವರ್ ಸ್ಲಿಪ್ಪಿನ, ದಪ್ಪ. ಅಪರ್ಚರಿನ ಅಳತೆ 10 ಪಟ್ಟಿನದರ ಮೇಲೆ 0.25, 4 ಪಟ್ಟಿನದರ ಮೇಲೆ 0.10 ಇರಬೇಕು. ಈ ಅಳತೆಗೆ ಮಾಡಿದ ಆಬ್ಜೆಕ್ಟಿವುಗಳ ತಿರುಪು ಬಹುಮಟ್ಟಿಗೆ ಒಂದೇ. ನಾಳೆ ಒಂದು ಮಸೂರ ಹಾಳಾದರೆ ಅದೊಂದನ್ನೇ ಬೇರೆ ತಂದು ಕೂರಿಸಬಹುದು, ಇಡೀ ಯಂತ್ರ ಎಸೆಯಬೇಕಾಗಿಲ್ಲ.

ಮನೆಗೆ ಬೇಕಾದದ್ದು ಇಷ್ಟೇ: ಲೋಹದ ಮೈ, ಗಾಜಿನ ಮಸೂರ, 4, 10 ಮತ್ತು 40 ಪಟ್ಟಿನ ಮೂರು ಆಬ್ಜೆಕ್ಟಿವ್, 10 ಪಟ್ಟಿನ ಒಂದು ಐಪೀಸ್, ಚಿತ್ರ ಸ್ಪಷ್ಟ ಮಾಡುವ ದೊಡ್ಡ ತಿರುಪು ಮತ್ತು ಸಣ್ಣ ತಿರುಪು ಎರಡೂ, ಕೆಳಗೆ ಸ್ಲೈಡಿನ ಮೇಲೆ ಬೆಳಕು ಒಟ್ಟುಗೂಡಿಸುವ ಕಂಡೆನ್ಸರ್ ಹಾಗೂ ಬೆಳಕು ಹೆಚ್ಚುಕಡಿಮೆ ಮಾಡುವ ಡಯಾಫ್ರಮ್. 40ರಿಂದ 400 ಪಟ್ಟಿನವರೆಗೆ ನೋಡಲು ಇದು ಸಾಕು. ಪಿಯುಸಿ ಜೀವಶಾಸ್ತ್ರದ ಸ್ಲೈಡುಗಳೆಲ್ಲ ಬಹುತೇಕ ಇದರೊಳಗೇ ಮುಗಿಯುತ್ತವೆ. ಇಂಥ ಒಂಟಿ ಕಣ್ಣಿನ ಸ್ಟೂಡೆಂಟ್ ಮಾದರಿಗಳು ಸುಮಾರು ಮೂರರಿಂದ ಆರು ಸಾವಿರ ರೂಪಾಯಿಗೆ ಸಿಗುತ್ತವೆ. ಹರಿಯಾಣದ ಅಂಬಾಲಾ ಇವುಗಳ ತಯಾರಿಕೆಗೆ ಹೆಸರಾದ ಊರು. ಅಲ್ಲಿಯದೇ ಮಾಲು ಹುಬ್ಬಳ್ಳಿಯ ಲ್ಯಾಬ್ ಸಾಮಾನಿನ ಅಂಗಡಿಗಳಿಗೂ ಬರುತ್ತದೆ. 100 ಪಟ್ಟಿನ ಎಣ್ಣೆ ಆಬ್ಜೆಕ್ಟಿವಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದಕ್ಕೆ ಇಮ್ಮರ್ಶನ್ ಎಣ್ಣೆ ಬೇಕು, ಉತ್ತಮ ಕಂಡೆನ್ಸರ್ ಬೇಕು, ಪ್ರತಿ ಸಲ ಒರೆಸುವ ಶಿಸ್ತು ಬೇಕು. ಆ ಎಣ್ಣೆ ಪಕ್ಕದ 40ರ ಮಸೂರಕ್ಕೆ ಮೆತ್ತಿಕೊಂಡರೆ ಇದ್ದದ್ದೂ ಹೋಯಿತು.

ಪಾರ್ಸೆಲ್ ಬಂದ ದಿನವೇ, ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ, ಪರೀಕ್ಷೆ ಮಾಡಿ. ಪತ್ರಿಕೆಯಿಂದ ‘ಅ’ ಅಕ್ಷರವೊಂದನ್ನು ಕತ್ತರಿಸಿ ಒಂದು ಹನಿ ನೀರಲ್ಲಿಟ್ಟು 4ರ ಆಬ್ಜೆಕ್ಟಿವಿನಲ್ಲಿ ನೋಡಿ. ಅಕ್ಷರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುವುದು ದೋಷವಲ್ಲ. ನೋಟದ ನಡುವಿನಲ್ಲೂ ಅಕ್ಷರದ ಅಂಚಿಗೆ ನೀಲಿ-ಹಳದಿ ಬಣ್ಣ ದಟ್ಟವಾಗಿ ಕಂಡರೆ ಮಸೂರ ಕಳಪೆ. ಆಮೇಲೆ ಈರುಳ್ಳಿ ಸಿಪ್ಪೆಯ ಸ್ಲೈಡಿಟ್ಟು 10ರಲ್ಲಿ ಸ್ಪಷ್ಟ ಮಾಡಿ, ತಿರುಪು ಮುಟ್ಟದೆ 40ಕ್ಕೆ ತಿರುಗಿಸಿ. ಸಣ್ಣ ತಿರುಪನ್ನು ಸ್ವಲ್ಪ ಅಲುಗಿಸಿದರೆ ಚಿತ್ರ ಬರಬೇಕು, ನಡುವಿನಲ್ಲಿದ್ದ ಜೀವಕೋಶ ಕಣ್ಣಿನಾಚೆ ಹೋಗಿಬಿಡಬಾರದು. ಕೊನೆಗೆ ಕೈಬಿಟ್ಟು ಎರಡು ನಿಮಿಷ ಸುಮ್ಮನಿರಿ. ಚಿತ್ರ ತಾನಾಗಿಯೇ ಮಸುಕಾದರೆ ತನ್ನ ಭಾರಕ್ಕೆ ತಾನೇ ಜಾರುತ್ತಿದೆ ಎಂದರ್ಥ. ಎಷ್ಟೋ ಸ್ಟೂಡೆಂಟ್ ಮಾದರಿಗಳಲ್ಲಿ ಎರಡೂ ಬದಿಯ ದೊಡ್ಡ ತಿರುಪುಗಳನ್ನು ಒಂದಕ್ಕೊಂದು ವಿರುದ್ಧವಾಗಿ ತಿರುವಿದರೆ ಬಿಗಿಯಾಗುತ್ತದೆ. ಆಗಲೂ ನಿಲ್ಲದಿದ್ದರೆ ವಾಪಸು ಕಳಿಸಿ.

ಬೆಳಕಿನ ವಿಷಯದಲ್ಲಿ ನಮ್ಮ ಕಡೆಯದೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಮೋಡ ಕವಿದ ದಿನ, ಹೊರಗಿನ ಬೆಳಕನ್ನು ಸ್ಲೈಡಿನತ್ತ ತಿರುಗಿಸುವ ಕೆಳಗಿನ ಕನ್ನಡಿ ನಂಬಿ ಕೂತರೆ 40ರಲ್ಲಿ ಕತ್ತಲೆಯೇ. ರೀಚಾರ್ಜ್ ಆಗುವ ಎಲ್‌ಇಡಿ ಇರುವ ಮಾದರಿ ಉತ್ತಮ. ಕನ್ನಡಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬರೀ ಕನ್ನಡಿಯದಾದರೆ ಹಾಲುಬಣ್ಣದ ಎಲ್‌ಇಡಿ ಬಲ್ಬಿನ ಟೇಬಲ್ ದೀಪವನ್ನು ಒಂದಡಿ ದೂರದಲ್ಲಿಟ್ಟುಕೊಳ್ಳಿ. ಕಂಡೆನ್ಸರ್ ಇದ್ದರೆ ಕನ್ನಡಿಯ ಚಪ್ಪಟೆ ಬದಿ, ಇಲ್ಲದಿದ್ದರೆ ಗುಳಿ ಬದಿ. ಕನ್ನಡಿಯನ್ನು ನೇರ ಸೂರ್ಯನತ್ತ ಎಂದೂ ತಿರುಗಿಸಬಾರದು, ಕಣ್ಣೇ ಹೋದೀತು. ಚಿಕ್ಕ ಮಕ್ಕಳಿಗೆ ಇದೊಂದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನು ಅಂಗಡಿಯವರು ಹೇಳದ ಮಾತು: ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಹಿಡಿಯುವ ಅದೇ ಬೂಷ್ಟು ಮಸೂರದ ಗಾಜಿಗೂ ಹಿಡಿಯುತ್ತದೆ. ಕತ್ತಲೆ, ತೇವ, ಮಸೂರದ ಮೇಲೊಂದಿಷ್ಟು ಬೆರಳಿನ ಜಿಡ್ಡು ಅಥವಾ ದೂಳು ಇದ್ದರೆ ಅದಕ್ಕೆ ಸಾಕು. ಮೊದಲು ಚಿತ್ರ ಮಂಕಾಗುತ್ತದೆ. ಆಬ್ಜೆಕ್ಟಿವ್ ಬಿಚ್ಚಿ ಓರೆಯಾಗಿ ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಎಳೆಗಳು ಕವಲೊಡೆದು ಹರಡಿದ್ದು ಕಾಣುತ್ತದೆ. ಅದು ಉಗುಳುವ ಆಮ್ಲ ಮಸೂರದ ಲೇಪವನ್ನೂ ಕಡೆಗೆ ಗಾಜನ್ನೂ ಕೊರೆಯುತ್ತದೆ. ಆ ಮೇಲೆ ಎಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ. ವಿಚಿತ್ರವೆಂದರೆ, ಮೈಕ್ರೋಸ್ಕೋಪಿನ ಜೊತೆ ಬರುವ ಚೆಂದದ ಮರದ ಪೆಟ್ಟಿಗೆಯೇ ಇದಕ್ಕೆ ಒಳ್ಳೆಯ ಮನೆ. ಮರ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅದರೊಳಗೆ ಮೈಕ್ರೋಸ್ಕೋಪ್ ಇಡಲೇಬೇಡಿ.

ಪರಿಹಾರ ದುಬಾರಿಯದೇನಲ್ಲ. ರಬ್ಬರ್ ಅಂಚಿನ, ಗಾಳಿಯಾಡದ, ಇಪ್ಪತ್ತೈದು ಲೀಟರಿನಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಬಟ್ಟೆಯ ಚೀಲದಲ್ಲಿ ಕಾಲು ಕಿಲೊ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್. ಮೀಟರ್ ಶೇ 40ರಿಂದ 50ರ ನಡುವೆ ನಿಂತಿದ್ದರೆ ಬೂಷ್ಟಿಗೆ ಜಾಗವಿಲ್ಲ. ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದನ್ನೇ ಕೇಳಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ ಹರಳನ್ನು ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಉರಿ ಹೆಚ್ಚಾದರೆ ಕಪ್ಪಾಗಿ ಕೆಲಸಕ್ಕೆ ಬಾರದು. ಆರಿದ ಮೇಲಷ್ಟೇ ಡಬ್ಬಿಗೆ ಹಾಕಿ. ಅಷ್ಟು ದೊಡ್ಡ ಡಬ್ಬಿ ಸಿಗದಿದ್ದರೆ, ಮಳೆಗಾಲಕ್ಕೆ ಆಬ್ಜೆಕ್ಟಿವ್ ಮತ್ತು ಐಪೀಸ್ ಮಾತ್ರ ಬಿಚ್ಚಿ ಚಿಕ್ಕ ಡಬ್ಬಿಯಲ್ಲಿ ಸಿಲಿಕಾ ಜೊತೆ ಇಟ್ಟು, ಸ್ಟ್ಯಾಂಡಿನ ತೂತುಗಳಿಗೆ ದೂಳು ಹೋಗದಂತೆ ಮುಚ್ಚಳ ಹಾಕಿದರೂ ನಡೆಯುತ್ತದೆ. ಹಿಂದೆಲ್ಲ ಕಪಾಟಿನಲ್ಲಿ 15 ವಾಟಿನ ಬಲ್ಬು ಉರಿಸಿಡುತ್ತಿದ್ದರು. ಈಗಿನ ಎಲ್‌ಇಡಿಗೆ ಆ ಕಾವಿಲ್ಲ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಉಪ್ಪಿನ ಕಾಟ ಬೇರೆ. ಸಮುದ್ರದ ನೀರಿನ ಹನಿ ನೋಡುವಾಗ ಕವರ್ ಸ್ಲಿಪ್ ಹಾಕದಿದ್ದರೆ 40ರ ಮಸೂರ ನೇರ ನೀರಿಗೇ ತಾಗುತ್ತದೆ, ಯಾಕೆಂದರೆ ಸ್ಪಷ್ಟವಾಗಿ ಕಾಣುವ ಜಾಗದಲ್ಲಿ ಅದರ ಮೂತಿಗೂ ಸ್ಲೈಡಿಗೂ ಇರುವ ಅಂತರ ಅರ್ಧ ಮಿಲಿಮೀಟರಿನ ಆಸುಪಾಸು. ನೀರು ಒಣಗಿ ಉಪ್ಪು ಉಳಿಯುತ್ತದೆ. ‘40ರಲ್ಲಿ ಮಾತ್ರ ಏನೂ ಕಾಣುತ್ತಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ಲೆನ್ಸ್ ಪೇಪರಿಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ ಉಪ್ಪನ್ನು ನೆನೆಸಿ ತೆಗೆಯಿರಿ. ಜಿಡ್ಡು ಉಳಿದಿದ್ದರೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್. ಒಣಬಟ್ಟೆಯಲ್ಲಿ ತಿಕ್ಕಿದರೆ ಉಪ್ಪಿನ ಹರಳೇ ಗಾಜನ್ನು ಗೀರುತ್ತದೆ. ಸ್ಲೈಡ್ ಇಡುವ ಸ್ಟೇಜನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಇಲ್ಲವಾದರೆ ಕ್ಲಿಪ್ಪಿಗೆ ತುಕ್ಕು.

ಸ್ಲೈಡ್ ಮಾಡುವಾಗ ಕವರ್ ಸ್ಲಿಪ್ಪನ್ನು ಓರೆಯಾಗಿ ಒಂದು ಅಂಚು ತಾಗಿಸಿ ಸೂಜಿಯಿಂದ ನಿಧಾನ ಇಳಿಸಬೇಕು. ಧೊಪ್ಪನೆ ಹಾಕಿದರೆ ಗಾಳಿಗುಳ್ಳೆ ಕೂರುತ್ತದೆ. ಕಪ್ಪು ಅಂಚಿನ ದುಂಡನೆಯ ಆ ಗುಳ್ಳೆಯನ್ನೇ ಮಕ್ಕಳು ಜೀವಕೋಶ ಎಂದು ಚಿತ್ರ ಬರೆದಿಡುತ್ತಾರೆ. ಈರುಳ್ಳಿ ಸಿಪ್ಪೆಗೆ ಔಷಧ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನಾಲ್ಕೈದು ಪಾಲು ನೀರಿಗೆ ಬೆರೆಸಿ ಒಂದು ಹನಿ ಹಾಕಿದರೆ ಕೋಶಕೇಂದ್ರ ಎದ್ದು ಕಾಣುತ್ತದೆ. ಕೆನ್ನೆಯ ಒಳಪದರದ ಕೋಶಗಳಿಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮೆಥಿಲೀನ್ ಬ್ಲೂ ನಡೆಯುತ್ತದೆ, ನೀರು ಬೆರೆಸಿ ತೆಳು ಮಾಡಿಕೊಳ್ಳಬೇಕು. ಯಾವಾಗಲೂ 4ರಿಂದ ಶುರುಮಾಡಿ. 40ಕ್ಕೆ ಬಂದ ಮೇಲೆ ದೊಡ್ಡ ತಿರುಪಿಗೆ ಕೈ ಹಾಕಬಾರದು, ಸ್ಲೈಡ್ ಚಟ್ ಎನ್ನುತ್ತದೆ.

ನೋಡಲು ನಮ್ಮ ಜಿಲ್ಲೆಯಲ್ಲಿ ಬರವೇ? ಸಾಣಿಕಟ್ಟಾದ ಉಪ್ಪಿನ ಹರಳು 40 ಪಟ್ಟಿನಲ್ಲಿ (ಅಂದರೆ 4ರ ಆಬ್ಜೆಕ್ಟಿವಿನಲ್ಲಿ), ಗಜನಿ ಎಂಬ ಉಪ್ಪುನೀರು ನುಗ್ಗುವ ಗದ್ದೆಗಳ ನೀರಿನ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳು 400 ಪಟ್ಟಿನಲ್ಲಿ. ಚಿರೆಕಲ್ಲಿನ ಗೋಡೆಯ ಹಾವಸೆಯನ್ನು ಕೆಲ ತಾಸು ನೀರಲ್ಲಿ ನೆನೆಸಿ ಹಿಂಡಿದ ನೀರಿನಲ್ಲಿ ದುಂಡುಹುಳುಗಳು ಹೆಚ್ಚಾಗಿ ಸಿಗುತ್ತವೆ, ಅದೃಷ್ಟವಿದ್ದರೆ ಟಾರ್ಡಿಗ್ರೇಡ್ ಎಂಬ ಎಂಟು ಕಾಲಿನ ಸೂಕ್ಷ್ಮ ಪ್ರಾಣಿ ಕೂಡ. ಅಡಕೆ ಬೆಳೆಗಾರರ ಮಕ್ಕಳು ಕೊಳೆ ಬಂದು ಉದುರಿದ ಕಾಯನ್ನು ಒದ್ದೆ ಕಾಗದದ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟು, ಮೇಲೆದ್ದ ಬಿಳಿ ಬೂಷ್ಟನ್ನು ಸೂಜಿತುದಿಯಲ್ಲಿ ತೆಗೆದು ನೀರಿನ ಹನಿಯಲ್ಲಿ ಹರಡಿ 100, ಆಮೇಲೆ 400 ಪಟ್ಟಿನಲ್ಲಿ ನೋಡಲಿ. ಅದು ಕೊಳೆರೋಗ ತರುವ ಫೈಟಾಫ್ತೊರಾ ಆಗಿದ್ದರೆ ಅಡ್ಡಗೋಡೆಯಿಲ್ಲದ ಎಳೆಗಳೂ ನಿಂಬೆಯಾಕಾರದ ಬೀಜಕ ಚೀಲಗಳೂ ಸಿಗುತ್ತವೆ. ಹಾಗೆಂದು ಮಗು ಹೇಳಿದ್ದನ್ನೇ ನಂಬಿ ಔಷಧಿ ಹೊಡೆಯಲು ಹೋಗಬೇಡಿ. ರೋಗ ನಿರ್ಧಾರಕ್ಕೆ ತೋಟಗಾರಿಕೆ ಇಲಾಖೆಯವರಿದ್ದಾರೆ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಇದಾವುದೂ ಬೇಡ. ಕೆಲ ನೂರು ರೂಪಾಯಿಯ 10 ಪಟ್ಟಿನ ಗಾಜಿನ ಹ್ಯಾಂಡ್ ಲೆನ್ಸ್ ಕೊಡಿಸಿ, ಕಣ್ಣಿಗೆ ತಾಗಿಸಿ ಹಿಡಿದು ಹೂವನ್ನು ಹತ್ತಿರ ತರುವುದನ್ನು ಕಲಿಸಿ. ಸ್ಟ್ಯಾನ್‌ಫರ್ಡಿನಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್‌ಸ್ಕಿ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್ 140 ಪಟ್ಟು ತೋರಿಸುತ್ತದೆ; ಅಗ್ಗ, ಬಿದ್ದರೂ ಒಡೆಯದು, ಆದರೆ ಕೈ ಪಳಗಲು ತಾಳ್ಮೆ ಬೇಕು. ಯುಎಸ್‌ಬಿ ಕ್ಯಾಮೆರಾ ಮಾದರಿಗಳ ‘1000 ಪಟ್ಟು’ ಪರದೆಯ ಗಾತ್ರ ಸೇರಿಸಿ ಹೇಳುವ ಸಂಖ್ಯೆ. ಎಲೆಯ ಮೇಲಿನ ನುಸಿ, ಚಿಟ್ಟೆಯ ರೆಕ್ಕೆ, ನಾಣ್ಯ ನೋಡಲು ಅವು ಚೆನ್ನ, ಜೀವಕೋಶದೊಳಗಿನದನ್ನು ತೋರಿಸಲಾರವು.

ಶಾಲೆಗಳ ಎಸ್‌ಡಿಎಂಸಿಯವರಿಗೂ ಒಂದು ವಿನಂತಿ. ಕೊಟೇಶನ್ ಕರೆಯುವಾಗ ‘ಮೈಕ್ರೋಸ್ಕೋಪ್, ಐದು’ ಎಂದಷ್ಟೇ ಬರೆದರೆ ಅತಿ ಕಡಿಮೆ ದರದ ಆಟಿಕೆಯೇ ಬರುತ್ತದೆ. ಆಬ್ಜೆಕ್ಟಿವ್ 4/0.10, 10/0.25, 40/0.65, ಕೊಳವೆ 160 ಮಿಮೀ, ಲೋಹದ ಮೈ ಎಂದು ಅಳತೆ ಸಮೇತ ಬರೆಯಿರಿ. ಅದೇ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪೊಟ್ಟಣ ಕವರ್ ಸ್ಲಿಪ್ ಸೇರಿಸಿ. ಹಣ ಸಾಲದಿದ್ದರೆ ಐದರ ಬದಲು ಎರಡೇ ತನ್ನಿ.

ಇಂತಿ,
ವಿಜ್ಞಾನ ಶಿಕ್ಷಕರು,
ಕುಮಟಾ ಮತ್ತು ಶಿರಸಿ