ಇವತ್ತು ನಮ್ಮನೆಯ ಆಳು ನಾನೇ

ನಾಟಿಂಗ್‌ಹ್ಯಾಮ್‌ಶೈರ್, ಇಂಗ್ಲೆಂಡ್
25 ಅಕ್ಟೋಬರ್ 2025, ಶನಿವಾರ

ಪ್ರೀತಿಯ ಅಮ್ಮ,

ನಿನಗೂ ಅಪ್ಪಯ್ಯನಿಗೂ ನಮಸ್ಕಾರ. ನಾವಿಲ್ಲಿ ಕ್ಷೇಮ. ಹಬ್ಬದ ದಿನ ಫೋನಿನಲ್ಲಿ ಗೋಪೂಜೆ ತೋರಿಸಿದೆಯಲ್ಲ, ಗೌರಿಯ ಕೊರಳಿನ ಅಡಿಕೆ, ಚೆಂಡುಹೂವಿನ ಮಾಲೆ ಇನ್ನೂ ಕಣ್ಣಲ್ಲೇ ಇದೆ. "ಅಲ್ಲಿ ಯಾರ ಮನೆಗೂ ಯಾರೂ ಹೋಗಲ್ಲಂತೆ, ರಜೆ ದಿನ ಏನು ಮಾಡ್ತೀಯೆ?" ಅಂತ ಕೇಳಿದ್ದೆ. ಆಗ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ. ಇವತ್ತು ಏನೇನು ಮಾಡಿದೆ ಅಂತ ಬರೆಯುತ್ತೇನೆ.

ಮಳೆಗಾಲಕ್ಕೆ ಮುಂಚೆ ಹಳ್ಳಕ್ಕೆ ಕಾಲುಸಂಕ ಹಾಕುವಾಗ ನಮ್ಮೂರಲ್ಲಿ ಮನೆಗೊಂದಾಳು ಬರಬೇಕಲ್ವಾ? ಅಪ್ಪಯ್ಯ ಕತ್ತಿ ಹಿಡಿದು ಹೋಗುತ್ತಿದ್ದರು. ನೀನು ಅವಲಕ್ಕಿ, ಕಾಫಿ ಕಳಿಸುತ್ತಿದ್ದೆ. ಇಲ್ಲಿ ಅಂಥ ಕಟ್ಟುಪಾಡಿಲ್ಲ, ಮನಸ್ಸಿದ್ದವರು ಬರುತ್ತಾರೆ. ನಮ್ಮನೆಯವರಿಗೆ ಶನಿವಾರವೂ ಡ್ಯೂಟಿ. ಹಾಗಾಗಿ ಇವತ್ತು ನಮ್ಮನೆಯ ಆಳು ನಾನೇ.

ಇಲ್ಲಿಯ ಊರ ಪಂಚಾಯಿತಿಗೆ ಪ್ಯಾರಿಷ್ ಕೌನ್ಸಿಲ್ ಅಂತಾರೆ. ಬೆಳಿಗ್ಗೆ ಒಂಬತ್ತಕ್ಕೆ ಅವರ ಬೋರ್ಡಿನ ಹತ್ತಿರ ಹದಿನಾಲ್ಕು ಜನ ಸೇರಿದೆವು. ಈಗ ಎಲೆ ಉದುರುವ ಕಾಲ. ನಮ್ಮಲ್ಲಿ ಒಂದು ಮರ ಬೋಳಾದರೆ ಪಕ್ಕದ್ದು ಹಸಿರಾಗಿರುತ್ತದೆ. ಇಲ್ಲಿ ಹೆಚ್ಚುಕಡಿಮೆ ಎಲ್ಲ ಮರಗಳೂ ಒಟ್ಟಿಗೇ ಉದುರಿಸುತ್ತವೆ. ರಸ್ತೆಯ ಅಂಚಿನ ಚರಂಡಿ ಜಾಲರಿಗಳ ಮೇಲೆ ಒದ್ದೆ ಎಲೆ ಚಾಪೆಯ ಹಾಗೆ ಅಂಟಿಬಿಡುತ್ತದೆ. ಆಮೇಲೆ ಮಳೆ ಬಂದರೆ ನೀರಿಗೆ ದಾರಿಯೇ ಇಲ್ಲ. 2023ರ ಅಕ್ಟೋಬರಿನಲ್ಲಿ ಬಾಬೆಟ್ ಅನ್ನುವ ಬಿರುಗಾಳಿ ಮಳೆಗೆ ಈ ಜಿಲ್ಲೆಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಅದಕ್ಕೇ ಎಲ್ಲರಿಗೂ ಈ ಕೆಲಸ ಅಂದರೆ ಕಾಳಜಿ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕುರ್ಚಿ ಹಾಕಿಕೊಂಡು ಕೂತು, ಯಾವ ಜಾಲರಿ ಬಿಟ್ಟುಹೋಯಿತು ಅಂತ ಕೈ ತೋರಿಸುತ್ತಿದ್ದರು.

ಬಳಿದ ಎಲೆಯನ್ನು ತಂತಿಬಲೆಯ ಗೂಡಿಗೆ ತುಂಬಿದೆವು. ನೀನಾಗಿದ್ದರೆ ಅಷ್ಟು ದರಗನ್ನು ಕೊಟ್ಟಿಗೆಗೆ ಹಾಸುತ್ತಿದ್ದೆ. ಸಗಣಿ, ಗಂಜಲ ಸೇರಿ ಬೇಗ ಗೊಬ್ಬರವಾಗುತ್ತಿತ್ತು. ಇಲ್ಲಿ ಬರೀ ಎಲೆ, ಮೇಲಿಂದ ಚಳಿ. ಶಿಲೀಂಧ್ರವೇ ನಿಧಾನಕ್ಕೆ ಕರಗಿಸಬೇಕು. ಒಂದೆರಡು ವರ್ಷ ಹಿಡಿಯುತ್ತದೆ. ಹೋದ ಸಲದ ಗೂಡಿನಿಂದ ಒಂದು ಹಿಡಿ ತೆಗೆದು ಮೂಸಿದೆ ಅಮ್ಮ. ಥೇಟ್ ನಮ್ಮ ಸೊಪ್ಪಿನ ಬೆಟ್ಟದ ವಾಸನೆ! ಬೇಲಿಯ ಬುಡದ ಒಂದು ರಾಶಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೈತುಂಬ ಮುಳ್ಳಿರುವ ಹೆಜ್‌ಹಾಗ್ ಅನ್ನುವ ಪುಟ್ಟ ಪ್ರಾಣಿ ಚಳಿಗಾಲವಿಡೀ ಅಂಥ ಕಡೆ ಮಲಗುತ್ತದೆ.

ಈ ತಿಂಗಳು ನನಗೆ ಇನ್ನೊಂದು ಪಾಳಿಯೂ ಇದೆ. ಊರ ಮಧ್ಯೆ ಹಳೇ ಕೆಂಪು ಟೆಲಿಫೋನ್ ಬೂತ್ ಒಂದಿದೆ. ಬಳಕೆ ತಪ್ಪಿದ ಇಂಥವನ್ನು ಫೋನ್ ಕಂಪನಿ 1 ಪೌಂಡಿಗೆ ಊರಿಗೇ ಕೊಡುತ್ತದೆ. ನಮ್ಮದರೊಳಗೆ ಡಿಫಿಬ್ರಿಲೇಟರ್ ಇಟ್ಟಿದ್ದಾರೆ. ಹೃದಯದ ಬಡಿತ ಲಯ ತಪ್ಪಿ ಕುಸಿದುಬಿದ್ದವರಿಗೆ ಕರೆಂಟಿನ ಪೆಟ್ಟು ಕೊಟ್ಟು ಮತ್ತೆ ಸರಿಯಾಗಿ ಬಡಿಯುವ ಹಾಗೆ ಮಾಡಲು ನೋಡುವ ಯಂತ್ರ ಅದು. ಮುಂದೇನು ಮಾಡಬೇಕು ಅಂತ ಅದೇ ಬಾಯಿಬಿಟ್ಟು ಹೇಳುತ್ತದೆ, ಯಾರು ಬೇಕಾದರೂ ಬಳಸಬಹುದು. ಹಸಿರು ದೀಪ ಉರಿಯುತ್ತಿದೆಯಾ, ಎದೆಗೆ ಅಂಟಿಸುವ ಪ್ಯಾಡಿನ ತಾರೀಖು ಮುಗಿದಿಲ್ಲವಾ ಅಂತ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಎರಡು ನಿಮಿಷದ ಕೆಲಸ. ಆದರೆ ಪ್ರತಿ ಸಲ ದೊಡ್ಡಪ್ಪನ ನೆನಪಾಗುತ್ತದೆ. ಆ ರಾತ್ರಿ ಜೀಪು ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಂಥದ್ದೊಂದು ನಮ್ಮ ಹಾಲಿನ ಡೈರಿಯ ಹತ್ತಿರ ಇದ್ದಿದ್ದರೆ ಅನ್ನಿಸುತ್ತದೆ. ಅಪ್ಪಯ್ಯ ಸೊಸೈಟಿ ಸಭೆಯಲ್ಲಿ ಒಂದು ಮಾತು ಎತ್ತಲಿ. ನಮ್ಮ ಪಾಲಿನ ದುಡ್ಡು ನಾನು ಕಳಿಸುತ್ತೇನೆ. ಸುಮ್ನೆ ಹೇಳುತ್ತಿಲ್ಲ.

ಮಧ್ಯಾಹ್ನ ತೋಟಕ್ಕೆ ಹೋದೆ. ತೋಟ ಅಂದರೆ ಊರವರಿಗೆ ಬಾಡಿಗೆಗೆ ಕೊಡುವ ಅಲಾಟ್‌ಮೆಂಟಿನಲ್ಲಿ ನಮಗೆ ಸಿಕ್ಕಿದ ಒಂದೂಕಾಲು ಗುಂಟೆ. ಇಲ್ಲಿಯ ಲೆಕ್ಕದಲ್ಲಿ 5 ರಾಡ್. ಹೀಗೆ ಜಾಗ ಕೊಡಬೇಕು ಅನ್ನುವ 1908ರ ಕಾನೂನು ಇನ್ನೂ ಜಾರಿಯಲ್ಲಿದೆ. ಮಣ್ಣು ನಮ್ಮೂರಿನ ಹಾಗೆ ಕೆಂಪು, ಆದರೆ ಜೇಡಿ. ಒದ್ದೆಯಿದ್ದಾಗ ತುಳಿದರೆ ಇಟ್ಟಿಗೆಯಾಗಿಬಿಡುತ್ತದೆ. ಅದಕ್ಕೆ ಹಲಗೆ ಹಾಕಿಕೊಂಡು, ಅದರ ಮೇಲೆ ನಿಂತು ಬೆಳ್ಳುಳ್ಳಿ ಹಾಕಿದೆ. ಗೇಣಿಗೊಂದು ಎಸಳು, ಮೊನೆ ಮೇಲಕ್ಕೆ. ಚಳಿ ತಿಂದರೇನೇ ಗಡ್ಡೆ ಎಸಳೆಸಳಾಗಿ ಒಡೆಯುವುದು. ಕೀಳುವುದು ಜುಲೈಗೆ. ಬೀನ್ಸ್ ಬಳ್ಳಿಯನ್ನು ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಬಿಟ್ಟೆ.

ಪಕ್ಕದ ಪಟ್ಟಿಯವರು ಒಂದು ಚೀಲ ಬ್ರಾಮ್ಲಿ ಸೇಬು ಕೊಟ್ಟರು. ಈ ಜಾತಿ ಹುಟ್ಟಿದ್ದೇ ಇಲ್ಲಿಗೆ ಹತ್ತಿರದ ಸೌತ್‌ವೆಲ್‌ನಲ್ಲಿ. 1809ರಲ್ಲಿ ಒಬ್ಬಳು ಹುಡುಗಿ ಹಾಕಿದ ಬೀಜದಿಂದ ಬಂದದ್ದಂತೆ. ಹಸಿ ತಿನ್ನಲಾಗದಷ್ಟು ಹುಳಿ, ಬೇಯಿಸಿದರೆ ಹತ್ತಿಯ ಹಾಗೆ ಕರಗುತ್ತದೆ. ನಾನು ಮಾವಿನಕಾಯಿ ಬದಲು ಅದನ್ನೇ ಹಾಕಿ ಅಪ್ಪೆಹುಳಿ ಮಾಡಿದೆ. ಸಾಸಿವೆ, ಇಂಗಿನ ಒಗ್ಗರಣೆ ಹಾಕಿ ಒಂದು ಬಾಟಲಿ ಅವರಿಗೂ ಕೊಟ್ಟೆ. ಈ ಪತ್ರ ಬರೆಯುತ್ತಿರುವಾಗಲೇ ಖಾಲಿ ಬಾಟಲಿ ತೊಳೆದು ವಾಪಸ್ ತಂದಿದ್ದರು, ಇನ್ನಷ್ಟು ಸಿಗುತ್ತಾ ಅಂತ.

ಅಡಿಕೆ ಕೊನೆ ತೆಗೆಯೋಕೆ ಈ ಸಲ ಆಳು ಸಿಕ್ಕಿದ್ರಾ? ಅಪ್ಪಯ್ಯ ಮೊಣಕಾಲು ನೋವಿಟ್ಟುಕೊಂಡು ತೋಟ ಇಳಿಯುವುದು ಬೇಡ ಅಂತ ನಾನು ಹೇಳಿದೆ ಅನ್ನು. ಇವತ್ತು ರಾತ್ರಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಾಳೆಯಿಂದ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನಮಗೂ ನಿಮಗೂ ಐದೂವರೆ ಗಂಟೆ ವ್ಯತ್ಯಾಸ ಬೀಳುತ್ತದೆ. ಎಂದಿನಂತೆ ಎಂಟಕ್ಕೆ ಫೋನ್ ಮಾಡಿದರೆ ನಿನಗೆ ಒಂದೂವರೆ, ಊಟದ ಹೊತ್ತು. ಅದಕ್ಕೆ ಏಳಕ್ಕೇ ಮಾಡುತ್ತೇನೆ. ಹನ್ನೆರಡೂವರೆಗೆ ಫೋನ್ ಹತ್ತಿರ ಇಟ್ಟುಕೊಂಡಿರು.

ನಿನ್ನ ಮಗಳು