ದೊಡ್ಡ ಹೊಳೆಗೆ ತುಸು ದೂರದಲ್ಲಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಟ್ಟು ಇಟ್ಟುಬಿಟ್ಟೆ. “ಈಜಿಪ್ಟಿಗೆ ನೈಲ್ ಹೇಗೋ ಚೀನಾಕ್ಕೆ ಹ್ವಾಂಗ್ ಹೋ ಹಾಗೆ, ಅಷ್ಟೇ ತಾನೆ?” ಅಂತ ನೀನು ಅಂದಿದ್ದೆ. ಅಷ್ಟೇ ಅಲ್ಲ ಮಾರಾಯ. ಶಾಲೆಯಲ್ಲಿ ನಾವು ಉರು ಹೊಡೆದ ‘ನದೀ ಕಣಿವೆಯ ನಾಗರಿಕತೆಗಳು’ ಪಾಠದಲ್ಲಿ ನಾಲ್ಕೂ ಕಡೆಯ ಕಥೆಯನ್ನು ಒಂದೇ ಎರಕದಲ್ಲಿ ಹೊಯ್ದುಬಿಟ್ಟಿದ್ದರು. ಚೀನಾದ ಮಟ್ಟಿಗೆ ಅದು ಹೊಂದುವುದಿಲ್ಲ. ಅಲ್ಲಿ ಉತ್ತರದ ಮೊದಲ ರೈತರನ್ನು ಸಾಕಿದ್ದು ಹೊಳೆಯ ನೀರಿಗಿಂತ ಹೆಚ್ಚಾಗಿ ಗಾಳಿ ಹೊತ್ತು ತಂದ ಮಣ್ಣು ಮತ್ತು ಮಳೆ.

ಆ ಮಣ್ಣಿನಿಂದಲೇ ಶುರು ಮಾಡುತ್ತೇನೆ. ಗೋಬಿ ಮತ್ತು ಅದರ ಸುತ್ತಲಿನ ಒಣನಾಡಿನಿಂದ ಸುಮಾರು 26 ಲಕ್ಷ ವರ್ಷಗಳಿಂದ ಚಳಿಗಾಲದ ಗಾಳಿ ಹಿಟ್ಟಿನಷ್ಟು ನಯವಾದ ಹಳದಿ ಧೂಳನ್ನು ತಂದು ಸುರಿಯುತ್ತಲೇ ಇದೆ. ಲೋಯೆಸ್ ಎಂದು ಭೂಗೋಳದ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಅದೇ. ಶಾನ್‌ಷಿ ಮುಂತಾದ ಪ್ರಾಂತ್ಯಗಳಲ್ಲಿ ಹರಡಿರುವ ಈ ಪ್ರಸ್ಥಭೂಮಿ ಸುಮಾರು 6.4 ಲಕ್ಷ ಚದರ ಕಿ.ಮೀ.; ಕೆಲವೆಡೆ ಮಣ್ಣಿನ ದಪ್ಪವೇ ನೂರು ಮೀಟರಿಗೂ ಹೆಚ್ಚು. ಕಲ್ಲಿಲ್ಲ, ಗಟ್ಟಿ ಜೇಡಿಯಿಲ್ಲ. ಕಬ್ಬಿಣದ ಗುಳ ಬೇಡ, ಮರದ ಕೋಲು, ಕಲ್ಲಿನ ಸನಿಕೆ ಇದ್ದರೆ ಸಾಕು, ಅಗೆಯಬಹುದು. ಮಳೆ ಕಡಿಮೆಯಾದ್ದರಿಂದ ಸಾರ ತೊಳೆದುಹೋಗುವುದಿಲ್ಲ, ಸಿಕ್ಕಿದ ತೇವವನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ.

ಆ ನೆಲಕ್ಕೂ ಆ ಮಳೆಗೂ ಹೇಳಿಮಾಡಿಸಿದ ಬೆಳೆ ಕಿರುಧಾನ್ಯ: ನವಣೆ ಮತ್ತು ಬರಗು. ಸಕ್ಕರೆ ಕಾಯಿಲೆ ಅಂತ ಅಕ್ಕಿ ಬಿಟ್ಟು ನೀನೀಗ ತಿನ್ನುತ್ತಿದ್ದೀಯಲ್ಲ, ಆ ನವಣೆಯ ತವರು ಉತ್ತರ ಚೀನಾ. ಹೆಬೈ ಪ್ರಾಂತ್ಯದ ತ್ಸಿಶಾನ್ ಎಂಬಲ್ಲಿ ಅಗೆದಾಗ ಸುಮಾರು 8,000 ವರ್ಷ ಹಿಂದಿನ ನೂರಾರು ಹಗೇವುಗಳು ಸಿಕ್ಕವು, ಅವುಗಳ ಪೈಕಿ ಹಲವದರ ತಳದಲ್ಲಿ ಕಿರುಧಾನ್ಯದ ಪಳೆಯುಳಿಕೆ. ಕಾಲುವೆಯೂ ಇಲ್ಲ, ಅಣೆಕಟ್ಟೂ ಇಲ್ಲ. ಮುಂಗಾರು ಬಂದರೆ ಬೆಳೆ, ಬಾರದಿದ್ದರೆ ಹಗೇವು.

ಈಗ ಊರುಗಳು ಎಲ್ಲಿದ್ದವು ಎಂದು ನಕ್ಷೆ ಹಿಡಿದು ನೋಡು. 1953ರಲ್ಲಿ ಪತ್ತೆಯಾದ ಬಾನ್‌ಪೋ, ಅರ್ಧ ನೆಲದೊಳಗೆ ಹೂತ ಗುಡಿಸಲುಗಳು, ಸುತ್ತ ಆಳವಾದ ಕಂದಕ, ಸಾಕಿದ ಹಂದಿಗಳು ಇದ್ದ ಊರು, ಇರುವುದು ಶಿಯಾನ್ ಪಕ್ಕದ ಚಾನ್ ಎಂಬ ಪುಟ್ಟ ಹೊಳೆಯ ಮೇಲಿನ ದಿಬ್ಬದಲ್ಲಿ. ತಾವೋಸಿ ಇರುವುದು ಫೆನ್ ನದಿಯ ಕಣಿವೆಯಲ್ಲಿ. ಎರ್ಲಿತೋ ಲೋ ನದಿಯ ಬಯಲಿನಲ್ಲಿ. ಚೀನಾದ ಹಳೆಯ ರಾಜವಂಶವಾದ ಶಾಂಗ್ ಅರಸರ ಕೊನೆಯ ರಾಜಧಾನಿ ಆನ್‌ಯಾಂಗ್ ಹ್ವಾನ್ ಎಂಬ ಸಣ್ಣ ನದಿಯ ದಂಡೆಯಲ್ಲಿ. ಝೆಂಗ್‌ಝೌ ದೊಡ್ಡ ಹೊಳೆಗೆ ತುಸು ಹತ್ತಿರ, ಒಪ್ಪುತ್ತೇನೆ. ಆದರೆ ಒಟ್ಟಾರೆ ಉಪನದಿ, ಕಿರುಹೊಳೆ, ದಿಬ್ಬ, ಇವೇ ಅವರಿಗೆ ಇಷ್ಟ. ದೊಡ್ಡ ಹೊಳೆಯ ಸಹವಾಸ ಬೇಡ ಅಂತ ಅವರಿಗೆ ಗೊತ್ತಿತ್ತು.

ಯಾಕೆ ಬೇಡ? ನೈಲ್ ಬೇಸಿಗೆಯ ಕೊನೆಗೆ ಉಕ್ಕಿ, ಇಳಿದು, ಬಿತ್ತನೆಗೆ ಹಸಿ ನೆಲ ಬಿಟ್ಟುಹೋಗುತ್ತಿತ್ತು. ಹ್ವಾಂಗ್ ಹೋ ಉಕ್ಕುವುದು ಮುಖ್ಯವಾಗಿ ಜುಲೈನಿಂದ ಸೆಪ್ಟೆಂಬರಿನವರೆಗೆ, ನವಣೆ ಹೊಲದಲ್ಲಿ ನಿಂತಿರುವಾಗ! ಸಾಲದ್ದಕ್ಕೆ ಹೂಳು. ಅದೇ ಮೆತ್ತನೆಯ ಲೋಯೆಸ್ ಕೊರಕಲುಗಳಲ್ಲಿ ಕರಗಿ ನದಿಗೆ ಸೇರುತ್ತದೆ. ಕಳೆದ ಶತಮಾನದ ಮೊದಲರ್ಧದ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 160 ಕೋಟಿ ಟನ್. ಬೆಟ್ಟ ಇಳಿದು ಬಯಲಿಗೆ ಬಂದ ಮೇಲೆ ನೀರಿಗೆ ಓಟವಿಲ್ಲ, ಹೂಳು ತಳ ಹಿಡಿಯುತ್ತದೆ, ಪಾತ್ರ ಏರುತ್ತದೆ. ಜನ ಒಡ್ಡು ಏರಿಸುತ್ತಾರೆ, ಪಾತ್ರ ಮತ್ತೆ ಏರುತ್ತದೆ. ಕಾಯ್‌ಫೆಂಗ್ ಬಳಿ ನದಿಯ ತಳ ಊರಿನ ನೆಲಕ್ಕಿಂತ ಹಲವು ಮೀಟರ್ ಮೇಲಿದೆ. ಇಂಥ ನದಿ ಒಡ್ಡು ಒಡೆದರೆ ಹಳೇ ದಾರಿಗೆ ಮರಳುವುದು ಕಷ್ಟ. ದಾಖಲೆಗೆ ಸಿಕ್ಕ ಮೊದಲ ದೊಡ್ಡ ದಾರಿ ಬದಲಾವಣೆ ಕ್ರಿ.ಪೂ. 602ರದ್ದು. 1855ರಲ್ಲಿ ಅದು ಶಾನ್‌ಡಾಂಗ್ ಪರ್ಯಾಯದ್ವೀಪದ ದಕ್ಷಿಣ ಬಿಟ್ಟು ಉತ್ತರಕ್ಕೆ ಹೊರಳಿ, ನೂರಾರು ಕಿ.ಮೀ. ಆಚೆ ಬೋಹಾಯ್ ಕಡಲಿಗೆ ಸೇರಿತು.

ಒಂದು ಮಾತು ಮಾತ್ರ ನೆನಪಿಡು. 160 ಕೋಟಿ ಟನ್ನನ್ನು ಶಾಂಗ್ ಕಾಲಕ್ಕೆ ಅಂಟಿಸಬೇಡ. ಪ್ರಸ್ಥಭೂಮಿಯ ಹುಲ್ಲು, ಕಾಡು ಸವರಿ ಉತ್ತ ಮೇಲೆಯೇ ಹೂಳು ಹೀಗೆ ಹೆಚ್ಚಿದ್ದು. ಶಾಂಗ್ ಕಾಲದಲ್ಲಿ ಹವೆಯೂ ಬೇರೆ ಥರ, ಈಗಿಗಿಂತ ಬೆಚ್ಚಗೆ ಇತ್ತು: ಆನ್‌ಯಾಂಗ್‌ನಲ್ಲಿ ಆನೆಯ ಮೂಳೆ ಸಿಕ್ಕಿದೆ.

ಇಲ್ಲಿಗೆ ನಿನ್ನ ಎರಡನೇ ಪ್ರಶ್ನೆ. ನೀರಾವರಿ ನಡೆಸಲು ಸಾವಿರಾರು ಜನರನ್ನು ದುಡಿಸಬೇಕು, ಅದಕ್ಕೆ ನಿರಂಕುಶ ದೊರೆ ಬೇಕು, ಚೀನಾದ ರಾಜ್ಯ ಹುಟ್ಟಿದ್ದೇ ಹಾಗೆ ಎಂಬ ವಾದ. 1957ರಲ್ಲಿ ಇತಿಹಾಸಕಾರ ಕಾರ್ಲ್ ವಿಟ್‌ಫೋಗೆಲ್ ಇದನ್ನು ದೊಡ್ಡ ಪುಸ್ತಕವನ್ನೇ ಬರೆದು ಮಂಡಿಸಿದ. ಕೇಳಲು ಚೆಂದ, ಕಾಲ ಮಾತ್ರ ತಾಳೆಯಾಗುವುದಿಲ್ಲ. ವೇ ನದಿಯ ಕಣಿವೆಯ ಹೆಸರಾಂತ ಝೆಂಗ್ ಗ್ವೋ ನೀರಾವರಿ ಕಾಲುವೆಯ ಕೆಲಸ ಶುರುವಾದದ್ದು ಕ್ರಿ.ಪೂ. 246ರಲ್ಲಿ. ಅದಕ್ಕೆ ಸಾವಿರ ವರ್ಷ ಮೊದಲೇ ಆನ್‌ಯಾಂಗ್‌ನಲ್ಲಿ ರಾಜ, ಸೈನ್ಯ, ಲಿಪಿ, ಕಂಚು ಎಲ್ಲವೂ ಇದ್ದವು. ಆ ರಾಜರು ದನದ ಹೆಗಲ ಮೂಳೆ, ಆಮೆಯ ಚಿಪ್ಪು ಕಾಯಿಸಿ, ಬಿರುಕು ನೋಡಿ ದೇವರನ್ನು ಏನು ಕೇಳುತ್ತಿದ್ದರು ಗೊತ್ತೆ? ಮಳೆ ಬರುತ್ತದೆಯೇ, ಬೆಳೆ ಕೈಗೆ ಹತ್ತುತ್ತದೆಯೇ? ನದಿಗೂ ಬಲಿ ಕೊಡುತ್ತಿದ್ದರು. ಮಳೆಯನ್ನೇ ನಂಬಿ ಆಕಾಶ ನೋಡುವ ಬೇಸಾಯಗಾರರ ದೊರೆ ಅವನು.

ಹಾಗಾದರೆ ಅಷ್ಟು ಜನರನ್ನು ಎಲ್ಲಿ ದುಡಿಸಿದ? ಮತ್ತೆ ಆ ಮಣ್ಣಿನಲ್ಲೇ. ಹಲಗೆಗಳ ನಡುವೆ ಲೋಯೆಸ್ ತುಂಬಿ, ತೆಳುವಾದ ಪದರಗಳಲ್ಲಿ ದಮ್ಮಸು ಮಾಡುತ್ತಾ ಹೋದರೆ ಕಲ್ಲಿನಂಥ ಗೋಡೆ. ಝೆಂಗ್‌ಝೌದ ಶಾಂಗ್ ಕೋಟೆಯ ಸುತ್ತಳತೆ ಸುಮಾರು 7 ಕಿ.ಮೀ.; ಮೂರೂವರೆ ಸಾವಿರ ವರ್ಷದ ಮೇಲೂ ಅದರ ತುಂಡುಗಳು ನಗರದ ನಡುವೆ ನಿಂತಿವೆ. ಲಂಬವಾಗಿ ಕಡಿದರೂ ಕುಸಿಯದ ಗುಣದಿಂದಲೇ ಆನ್‌ಯಾಂಗ್‌ನಲ್ಲಿ ಹತ್ತು ಮೀಟರಿಗೂ ಆಳದ ರಾಜಸಮಾಧಿಗಳು ಸಾಧ್ಯವಾದವು. ನನಗೆ ಬಹಳ ಇಷ್ಟವಾದದ್ದು ಕಂಚಿನ ಕಥೆ. ಅವರು ಪಾತ್ರೆಗಳನ್ನು ತುಂಡು ತುಂಡಾಗಿ ಜೋಡಿಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಅಚ್ಚಿನ ಮಣ್ಣು ಇದೇ ಲೋಯೆಸ್. ಸುಟ್ಟರೆ ಹೆಚ್ಚು ಕುಗ್ಗುವುದಿಲ್ಲ, ಕೂದಲೆಳೆಯ ಗೆರೆಯೂ ಅದರಲ್ಲಿ ನಿಲ್ಲುತ್ತದೆ. 1939ರಲ್ಲಿ ಆನ್‌ಯಾಂಗ್‌ನಲ್ಲಿ ಸಿಕ್ಕ ನಾಲ್ಕು ಕಾಲಿನ ಆ ದೈತ್ಯ ಪಾತ್ರೆ ಸುಮಾರು 833 ಕಿಲೋ ತೂಗುತ್ತದೆ.

ನೀರನ್ನು ಪಳಗಿಸಿದವರು ಯಾರೂ ಇರಲಿಲ್ಲವೇ? ಇದ್ದರು, ಬೇರೆ ಕಡೆ. ಯಾಂಗ್ಟ್ಸೆ ಮುಖಜ ಭೂಮಿಯಲ್ಲಿ, ಇಂದಿನ ಹಾಂಗ್‌ಝೌ ಬಳಿಯ ಲಿಯಾಂಗ್‌ಝುನಲ್ಲಿ, ಸುಮಾರು 5,000 ವರ್ಷ ಹಿಂದೆಯೇ ಭತ್ತದ ಗದ್ದೆ, ಕಾಲುವೆ, ಸಾಲು ಅಣೆಕಟ್ಟುಗಳಿದ್ದವು. 2019ರಲ್ಲಿ ಅದಕ್ಕೆ ವಿಶ್ವ ಪರಂಪರೆಯ ತಾಣದ ಮನ್ನಣೆ ಸಿಕ್ಕಿತು. ನಮ್ಮ ಪಾಠ ‘ಹ್ವಾಂಗ್ ಹೋ ನಾಗರಿಕತೆ’ ಅಂತ ಹೆಸರಿಟ್ಟು ಈ ದಕ್ಷಿಣವನ್ನೇ ಕೈಬಿಟ್ಟಿತ್ತು ನೋಡು.

ಕೊನೆಗೆ, ಟಿಬೆಟ್, ಗೋಬಿ, ತಕ್ಲಮಕಾನ್, ಕಡಲು ಸುತ್ತುವರಿದು ಚೀನಾ ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಿತ್ತು ಅಂದಿಯಲ್ಲ. ದೊಡ್ಡ ಸೈನ್ಯ ಬರುವುದು ಕಷ್ಟವಿತ್ತು, ನಿಜ. ಆದರೆ ಸಾಮಾನು ಬರುತ್ತಿತ್ತು. 1976ರಲ್ಲಿ ಕಳ್ಳರ ಕೈ ತಾಗದೆ ಸಿಕ್ಕ ಶಾಂಗ್ ರಾಣಿ ಫೂ ಹಾವೋಳ ಸಮಾಧಿಯಲ್ಲಿ ಸುಮಾರು 1,600 ಕಿಲೋ ಕಂಚಿನ ಜೊತೆಗೆ ಸಾವಿರಾರು ಕವಡೆಗಳಿದ್ದವು. ಕವಡೆ ಬೆಚ್ಚನೆಯ ಕಡಲಿನದು. ಕುದುರೆ ಕಟ್ಟಿದ ರಥ ಆನ್‌ಯಾಂಗ್‌ಗೆ ಬಂದದ್ದು ವಾಯವ್ಯದ ಹುಲ್ಲುಗಾವಲಿನ ಜನರಿಂದ. ಉತ್ತರ ಚೀನಾದವರು ಇವತ್ತು ದಿನಾ ತಿನ್ನುವ ನೂಡಲ್ಸಿನ ಗೋಧಿ ಕೂಡ ಪಶ್ಚಿಮ ಏಷ್ಯಾದಿಂದ ನಡೆದು ಬಂದ ಬೆಳೆ. ಅದು ನವಣೆಯನ್ನು ತಟ್ಟೆಯಿಂದ ಪಕ್ಕಕ್ಕೆ ಸರಿಸಲು ಎರಡು ಸಾವಿರ ವರ್ಷ ಹಿಡಿಯಿತು.

ಶಾಂಗ್ ಕಂಚಿನ ಪಾತ್ರೆಗಳ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಮಗಳಿಗೂ ತೋರಿಸು. ವಿಟ್‌ಫೋಗೆಲ್ ಪರ ವಾದ ಇನ್ನೂ ಇದ್ದರೆ ಬರೆ.

ಇಂತಿ ನಿನ್ನ ಗೆಳೆಯ